ಕರಿ ಒಡಲು, ಕೆಂಪು ಅಂಚು

ಯಾವ ವಸ್ತು ಕೈಗೆ ಬಂದರೂ ಸೌಡಮ್ಮತ್ತೆ ಮೊದಲು ಅದನ್ನು ಮಗುಚಿ ನೋಡುತ್ತಿದ್ದಳು. ಸೀರೆಯಾದರೆ ಸರಿ, ನೇಕಾರರ ಮನೆಯ ಹೆಂಗಸು, ಯಾರಿಗೂ ಆಶ್ಚರ್ಯವಿಲ್ಲ. ಆದರೆ ಅತ್ತೆ ತಟ್ಟೆಗೆ ಹಾಕಿದ ದೋಸೆಯನ್ನೂ ಮಗುಚಿ ನೋಡುತ್ತಿದ್ದಳು. ಸಂತೆಯ ಬದನೆಕಾಯಿ, ಬೆಳ್ಳಿ ಕಾಲ್ಗೆಜ್ಜೆಯ ಕೊಂಡಿ, ಹೊಸದಾಗಿ ಹುಟ್ಟಿದ ಕೂಸು, ಎಲ್ಲವೂ ಅವಳ ಕೈಯಲ್ಲಿ ಒಂದು ಸಲ ಬೋರಲಾಗಲೇಬೇಕು. ನಾನು ಮದರಾಸಿನಿಂದ ಪದವಿಯ ಕಾಗದ ತಂದು ತೋರಿಸಿದಾಗ, ಓದು ಬಾರದ ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುದ್ರೆಯ ಮೇಲೆ ಬೆರಳಾಡಿಸಿ, ಆಮೇಲೆ ಮಗುಚಿದಳು. ಹಿಂದುಗಡೆ ಖಾಲಿ ಇತ್ತು.

"ಇಷ್ಟ್ ವರ್ಸ ಓದ್ಸಿ, ಒಳಗ್ಲಲ್ಲಿ ಒಂದಕ್ಸರ ಬರೀಲಿಲ್ವಾ ಅವ್ರು?" ಎಂದು ಕೇಳಿದಳು. ಅಪ್ಪ ನಕ್ಕರು. ಅತ್ತೆ ನಗಲಿಲ್ಲ. ಅವಳಿಗೆ ನಿಜವಾಗಿ ಅನ್ಯಾಯವೆನಿಸಿತ್ತು.

ಅವಳದೊಂದು ಮಾತಿತ್ತು: "ಮೇಗ್ಲದು ಅಂಗಡಿಗೆ, ಒಳಗ್ಲದು ಮನೆಗೆ." ಸೀರೆಯ ಮೇಲ್ಭಾಗವನ್ನು ಯಾರು ಬೇಕಾದರೂ ಚೆನ್ನಾಗಿ ಕಾಣಿಸಬಹುದು. ಎಲ್ಲಿ ನೂಲು ಹರಿಯಿತು, ಎಲ್ಲಿ ಗಂಟು ಬಿತ್ತು, ಯಾವ ಕಡೆ ನೇಯುವವನ ಮನಸ್ಸು ಬೇರೆಲ್ಲೋ ಹೋಗಿತ್ತು ಎನ್ನುವುದೆಲ್ಲ ಒಳಮಗ್ಗುಲಲ್ಲಿ ಇರುತ್ತದೆ. ಮನುಷ್ಯರೂ ಹಾಗೆಯೇ ಎನ್ನುವುದು ಅವಳ ನಂಬಿಕೆ.

ಸೌಡಮ್ಮತ್ತೆ ಅಪ್ಪನ ಅಕ್ಕ. ಸೇಲಂನ ನೇಕಾರರ ಬೀದಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಈಚೆ ಅಪ್ಪನ ನೂಲಿನ ವ್ಯಾಪಾರ, ಆಚೆ ಮಾವನ ಕುಣಿಮಗ್ಗ. ಅತ್ತೆ ಎತ್ತರದ, ತುಂಬಿದ ಮೈಯ ಹೆಂಗಸು. ಅವಳು ಅವಸರದಲ್ಲಿ ನಡೆದರೆ ನಮ್ಮ ಅಡುಗೆಮನೆಯ ಹಲಗೆಯ ಮೇಲಿನ ಚೊಂಬುಗಳು ಸದ್ದು ಮಾಡುತ್ತಿದ್ದವು, ಮತ್ತು ಅವಳು ಸದಾ ಅವಸರದಲ್ಲಿರುತ್ತಿದ್ದಳು. ಹುರುಪು ಬಂದರೆ ಸೆರಗನ್ನು ಸೊಂಟಕ್ಕೆ ಬಿಗಿದು, ಬಲಗೈಯಿಂದ ತೊಡೆ ತಟ್ಟಿಕೊಂಡು, ಮಾತನ್ನು ನಡುವೆ ಬಿಟ್ಟು ಓಡುವಳು. ಉಳಿದರ್ಧ ಮಾತು ಮುಂದಿನ ಮನೆಯಲ್ಲಿ ಮುಗಿಯುತ್ತಿತ್ತು. ಬೆಳಗಿನ ಜಾವ ಬೀದಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟಿ ಹೆಂಗಸರು ಗಂಜಿ ಬಳಿಯುವಾಗ, ಒಂದು ತುದಿಯಲ್ಲಿ ಅವಳು ಹೇಳಿದ ಸುದ್ದಿ ಇನ್ನೊಂದು ತುದಿಗೆ ಹೋಗಿ, ನೂಲು ಒಣಗುವುದರೊಳಗೆ ಅವಳಿಗೇ ವಾಪಸು ಬರುತ್ತಿತ್ತು. ಅದನ್ನೂ ಅವಳು ಹೊಸದೆಂಬಂತೆ ಕೇಳುತ್ತಿದ್ದಳು.

ಮಾವ ಇದಕ್ಕೆ ತೀರ ವಿರುದ್ಧ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತರೆ ಲಾಳಿಯ ಸದ್ದೇ ಅವರ ಸದ್ದು. ದಿನಕ್ಕೊಂದು ಮಾತಾಡುತ್ತಿದ್ದರು, ಅದೂ ಒಂದೇ ಪದದ್ದು. ಅತ್ತೆ ಅವರನ್ನು ಒಂದರ ಹಿಂದೊಂದು ಪ್ರಶ್ನೆ ಕೇಳಿ, ಎಲ್ಲಕ್ಕೂ ತಾನೇ ಉತ್ತರ ಹೇಳಿಕೊಂಡು, ಕೊನೆಯದಕ್ಕೆ ಮಾತ್ರ ಅವರ ಮುಖ ನೋಡುತ್ತಿದ್ದಳು. ನಾನು ಮಾವನ ಕಡೆಯವಳು. ಹೇಳಬೇಕೆಂದಿದ್ದನ್ನು ಮೂರು ಸಲ ಯೋಚಿಸಿ, ನಂತರ ಹೇಳದೆ ಇರುವುದು ನನ್ನ ಅಭ್ಯಾಸ.

ಅತ್ತೆಯ ನಿಜವಾದ ಕೆಲಸ ಮದುವೆ ಕುದುರಿಸುವುದು. ಅದಕ್ಕೆ ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹೆಣ್ಣಿನ ಮನೆಗೆ ಹೇಳದೆ ಹೋಗುವಳು, ಅದೂ ಬೀದಿ ಬಾಗಿಲಿಂದಲ್ಲ, ಹಿತ್ತಲಿಂದ. ಮುಸುರೆ ಎಲ್ಲಿ ಚೆಲ್ಲುತ್ತಾರೆ, ದನಕ್ಕೆ ನೀರು ಇಟ್ಟಿದ್ದಾರೆಯೆ, ಒಗೆದ ಬಟ್ಟೆಯನ್ನು ಹೇಗೆ ಹರವಿದ್ದಾರೆ ಎಂದು ನೋಡಿಕೊಂಡು ಬಂದು, "ಆಗ್ಲಿ" ಅಂದರೆ ಆ ಮದುವೆ ಆಗುತ್ತಿತ್ತು. ಅವಳು ಕೂಡಿಸಿದ ಸಂಬಂಧ ಒಂದೂ ಕೆಟ್ಟಿರಲಿಲ್ಲ. ಸೇಲಂನಿಂದ ನಂಗವಳ್ಳಿಯವರೆಗೆ ನಮ್ಮ ಜನರಲ್ಲಿ ಸೌಡಮ್ಮನ ಮಾತೆಂದರೆ ಅಚ್ಚು ಒತ್ತಿದ ನಾಣ್ಯ.

ಆ ಮಾತನ್ನು ಅವಳು ನನ್ನ ವಿಷಯದಲ್ಲೂ ಕೊಟ್ಟುಬಿಟ್ಟಿದ್ದಳು. ನಂಗವಳ್ಳಿಯವರ ಹುಡುಗ, ಮೆಟ್ಟೂರಿನಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲವದು, ಅಲ್ಲಿ ಗುಮಾಸ್ತ. ಹೆಣ್ಣು ನೋಡುವ ಶಾಸ್ತ್ರ ಕಾರ್ತಿಕದಲ್ಲಿ, ಮದುವೆ ಪೊಂಗಲ್ ಬರುವ ತೈ ತಿಂಗಳಲ್ಲಿ. ಇತ್ತ ಮದರಾಸಿನಲ್ಲಿ ನನ್ನ ಕಾಲೇಜಿನವರು ಶಿಕ್ಷಕಿಯರ ತರಬೇತಿಗೆ ಸ್ಥಾನ ಕೊಡುವುದಾಗಿ ಹೇಳಿದ್ದರು. ಪೊಂಗಲ್ ಹಬ್ಬದ ಒಳಗೆ ಅಪ್ಪ ಒಪ್ಪಿಗೆ ತಿಳಿಸಬೇಕಿತ್ತು. ನನಗೆ ಏನು ಬೇಕೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಒಂದೇ ಸಲ, ಮೂರು ಸಲ ಯೋಚಿಸದೆ, ಅಪ್ಪನಿಗೆ ಹೇಳಿಯೂ ಇದ್ದೆ. ಅಪ್ಪ ನೂಲಿನ ಲಡಿ ಎಣಿಸುವುದನ್ನು ನಿಲ್ಲಿಸದೆ, "ಅಕ್ಕ ಮಾತು ಕೊಟ್ಟಾಳೆ. ನಾನೇನು ಮಾಡ್ಲಿ?" ಎಂದಿದ್ದರು.

ಅತ್ತೆಯ ಹತ್ತಿರ ಹೇಳುವ ಧೈರ್ಯ ನನಗಿರಲಿಲ್ಲ. ಅವಳ ಹಿತ್ತಲಿಗೆ ಹೋಗಿ ಸುಮ್ಮನೆ ಕೂರುವುದಷ್ಟೆ ನಾನು ಮಾಡುತ್ತಿದ್ದುದು.

ಹಿತ್ತಲೆಂದರೆ ದೊಡ್ಡದೇನಲ್ಲ. ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ನಮ್ಮ ಕಡೆ ಇಡ್ಲಿ ಹೂವೆನ್ನುವ ಕೇಪಳದ ಗಿಡ, ಎರಡು ದಾಸವಾಳ, ಲಂಟಾನದ ಬೇಲಿ. ಹಾವು ಬಾರದಿರಲೆಂದು ಗೋಡೆಗೆ ಹಬ್ಬಿಸಿದ ಈಶ್ವರಿ ಬಳ್ಳಿ. ಬಚ್ಚಲ ನೀರು ಕುಡಿದು ಬೆಳೆದ ಕರಿಬೇವಿನ ಮರ, ಅದರ ಬುಡದಲ್ಲಿ ಎದ್ದ ಸಣ್ಣ ಸಸಿಗಳು. ಕಾರ್ತಿಕಕ್ಕೆ ಹಿಂದಿನ ಐಪ್ಪಸಿ ತಿಂಗಳ ಮಳೆ ಬಿದ್ದು ನಾಲ್ಕು ದಿನ ಬಿಸಿಲು ಬಂದದ್ದೇ ತಡ, ಕೇಪಳ ಕೆಂಪಗೆ ತುಂಬಿ ನಿಂತಿತು. ಆ ಹೂಗಳಿಗೆ ಕಪ್ಪು ಚಿಟ್ಟೆಗಳು ಬರತೊಡಗಿದವು. ಅಂಗೈಯಗಲದ ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯ ಅಂಚಿನಲ್ಲಿ ಕೆಂಪು ಚುಕ್ಕೆಗಳ ಸಾಲು. ಹೂವಿನ ಮೇಲೆ ಕೂತು ಹೀರುವಾಗಲೂ ರೆಕ್ಕೆ ನಿಲ್ಲದು. ಸದಾ ಹೊರಟು ನಿಂತಿರುವ ಅತಿಥಿಯ ಹಾಗೆ ನಡುಗುತ್ತಲೇ ಇರುವುದು. ಪುಸ್ತಕದಲ್ಲಿ ಅದಕ್ಕೊಂದು ಲ್ಯಾಟಿನ್ ಹೆಸರಿದೆ. ಆ ಹಿತ್ತಲಲ್ಲಿ ಅದು ಯಾವ ಉಪಯೋಗಕ್ಕೂ ಬರಲಿಲ್ಲ.

"ಏನ್ ನೋಡ್ತಿದ್ದೀ ಅಮ್ಮಣಿ, ಆಗ್ಲಿಂದ ಕಲ್ಲಾಗಿ ಕುಂತಿದ್ದೀ?" ಒಂದು ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತು ಕೇಳಿದಳು.

ಚಿಟ್ಟೆ ಎಂದೆ. ವಣ್ಣಾತಿಪೂಚಿಯಾ, ಅದರಲ್ಲಿ ನೋಡುವುದೇನಿದೆ ಎಂದು ತಮಿಳಿನ ಹೆಸರು ಹೇಳುತ್ತಲೇ ಬಂದು ನನ್ನ ಪಕ್ಕ ಕೂತಳು. ನೋಡಿದಳು. ಕೈಯಲ್ಲಿದ್ದ ಎಲೆಯಡಿಕೆ ಬಾಯಿಗೆ ಹೋಗಲಿಲ್ಲ.

"ಕರಿ ಒಡಲು, ಕೆಂಪಂಚು. ಯಾರ್ ಮಗ್ಗದ್ದು ಇದು?"

ಸೀರೆಯ ನಡುಭಾಗಕ್ಕೆ ನಾವು ಒಡಲು ಎನ್ನುತ್ತೇವೆ, ಚಿಟ್ಟೆಯ ಮೈಗೂ ಅತ್ತೆಗೆ ಅದೇ ಮಾತು. ನಾನು ಆಗಲೇ ಒಂದು ವಾರದಿಂದ ನೋಡಿದ್ದರಿಂದ, ಮಾತು ಬಾಯಿಂದ ತಾನಾಗಿ ಹೊರಟಿತು. ರೆಕ್ಕೆ ಒಂದೇ ತರಹ ಕಂಡರೂ ಇವು ಎರಡು ಬಗೆ. ಒಂದರ ಮೈಯೂ ಕೆಂಪು, ತಲೆಯೂ ಕೆಂಪು. ಇನ್ನೊಂದರ ಮೈ ಪೂರ್ತಿ ಕಪ್ಪು. ಅತ್ತೆ ತಲೆ ಬಗ್ಗಿಸಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಾಗಿ, ಚಿಟ್ಟೆಯನ್ನು ಕೆಳಗಿನಿಂದ ನೋಡಿದಳು. ಮಗುಚಲಾಗದ್ದನ್ನು ನೋಡಲು ತಾನೇ ಮಗುಚಿಕೊಂಡಳು.

"ಬಣ್ಣ ಹಾಕೋನು ಕೈ ಕೊಟ್ಟವ್ನೆ. ಕೆಂಪು ಸಾಕಾಗಿಲ್ಲ. ನಮ್ಮ ಬೀದೀಲೂ ಆಗ್ತದಲ್ಲ" ಎಂದು ತೀರ್ಪು ಕೊಟ್ಟಳು.

ಅಷ್ಟರಲ್ಲಿ ಬೇಲಿಯ ಮೇಲಿಂದ ಇನ್ನೊಂದು ಬಂತು. ಅದೂ ಕಪ್ಪೇ, ಆದರೆ ಕೆಂಪಿಲ್ಲ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಒಂದು ಬಿಳಿ ಪಟ್ಟೆ ಮಾತ್ರ. ಬಂದದ್ದೇ ಕಪ್ಪು ಮೈಯ ಕೆಂಪಂಚಿನದನ್ನು ಹಿಂಬಾಲಿಸಿತು. ದಾಸವಾಳ ಸುತ್ತಿ, ಕಲ್ಲಿನ ಮೇಲಿಂದ, ಕರಿಬೇವಿನ ಮರದವರೆಗೆ. ಅತ್ತೆ ಎದ್ದುನಿಂತು ತೊಡೆ ತಟ್ಟಿಕೊಂಡಳು.

"ನೋಡು ನೋಡು, ಬೇರೆ ಕುಲದೋನು ನಮ್ಮ ಎಣ್ಣಿನ ಬೆನ್ನತ್ತವ್ನೆ!"

ನಲವತ್ತು ವರ್ಷ ಮದುವೆ ಕುದುರಿಸಿದ ಕಣ್ಣಿಗೆ ಅದು ಬೇರೆ ಯಾವ ರೀತಿಯಲ್ಲೂ ಕಾಣುವಂತಿರಲಿಲ್ಲ. ನಾನು ಹೇಳಿದೆ: ಅವನು ಬೇರೆ ಕುಲದವನಲ್ಲ. ಆ ಬಿಳಿಪಟ್ಟೆಯವನೂ ಈ ಕಪ್ಪು ಮೈಯವಳೂ ಒಂದೇ ಜಾತಿ. ಕೆಂಪು ಮೈಯದು ಬೇರೆ ಜಾತಿ, ಅದರ ಹುಳು ಈಶ್ವರಿ ಬಳ್ಳಿಯನ್ನು ತಿಂದು ಬೆಳೆಯುವುದರಿಂದ ಮೈಯೆಲ್ಲ ಕಹಿ, ಹಕ್ಕಿ ಮುಟ್ಟುವುದಿಲ್ಲ. ಈ ಕಪ್ಪು ಮೈಯವಳು ಕಹಿಯಲ್ಲ. ಅದಕ್ಕೇ, ಹಕ್ಕಿ ಮೋಸಹೋಗಲೆಂದು, ಆ ಕೆಂಪು ಮೈಯವಳ ಅಂಚನ್ನು ತಾನು ತೊಟ್ಟಿದ್ದಾಳೆ.

ಅತ್ತೆಯ ಮುಖ ಬಿಗಿಯಿತು. ಅದಕ್ಕೆ ಹಿಂದಿನ ವರ್ಷ ನಮ್ಮ ಬೀದಿಯ ಅಂಚನ್ನು ಪಕ್ಕದ ಬೀದಿಯವರು ನಕಲು ಮಾಡಿದ್ದು ಕಾರಣ. "ಅಂದ್ರೆ ಕಳ್ಳಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಸುಳ್ಳು. ಗಂಡು ಒಂದ್ ಬಣ್ಣ, ಎಣ್ಣು ಒಂದ್ ಬಣ್ಣ, ಒಂದೇ ಒಟ್ಟೇಲಿ ಎಂಗೆ ಉಟ್ತಾವೆ? ನೀನು ಕಣ್ಣಾರ ಕಂಡಿದ್ದೀಯಾ?"

ಪುಸ್ತಕದಲ್ಲಿ ಓದಿದ್ದೇನೆ, ಕಂಡಿಲ್ಲ ಎಂದೆ.

"ಅಂಗಾದ್ರೆ ತೋರ್ಸು. ಆಮ್ಯಾಕೆ ಮಾತು."

ಆ ಮಧ್ಯಾಹ್ನವೇ ನಮ್ಮ ಅದೃಷ್ಟ ತೆರೆಯಿತು. ಕಪ್ಪು ಮೈಯ ಕೆಂಪಂಚಿನವಳು ಕರಿಬೇವಿನ ಸಸಿಗಳ ಮೇಲೆ ತಗ್ಗಾಗಿ ಹಾರುತ್ತ, ಎಳೆಯ ಎಲೆಯ ಮೇಲೆ ಕ್ಷಣ ಕೂತು ಹೊಟ್ಟೆ ಬಾಗಿಸಿ, ಎದ್ದು, ಮತ್ತೊಂದರ ಮೇಲೆ ಕೂತಳು. ಅವಳು ಹೋದಮೇಲೆ ನೋಡಿದರೆ ಎಲೆಗೊಂದರಂತೆ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆ. ಅತ್ತೆ ಉಸಿರು ಬಿಗಿಹಿಡಿದು ಪಕ್ಕದಲ್ಲೇ ಕೂತಿದ್ದಳು. ಅವಳು ಅಷ್ಟು ಹೊತ್ತು ಮಾತಾಡದಿದ್ದುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮೊಟ್ಟೆಯಿದ್ದ ಸಸಿಗಳನ್ನು ಬೇರು ಸಮೇತ ಎತ್ತಿ ಹಳೆಯ ಬಣ್ಣದ ಮಡಕೆಗೆ ನೆಟ್ಟು, ಒಗೆಯುವ ಕಲ್ಲಿನ ಮೇಲಿಟ್ಟೆವು. ಬೇರೆ ಚಿಟ್ಟೆ ಬಂದು ಮೊಟ್ಟೆಯಿಟ್ಟರೆ ಲೆಕ್ಕ ತಪ್ಪುತ್ತದೆ, ಮುಚ್ಚಬೇಕು ಎಂದು ನಾನು ಹೇಳಿದಾಗ ಅತ್ತೆ ತನ್ನ ಹಳೆ ಸೀರೆ ತಂದಳು. ಮರುದಿನ ಬೆಳಿಗ್ಗೆ ನೋಡಿದರೆ ಸೀರೆಯ ಬದಲು ಮಡಕೆಯ ಮೇಲೆ ಜಾಳುಜಾಳಾದ, ಆಗತಾನೆ ಮಗ್ಗದಿಂದ ಕತ್ತರಿಸಿದ ಒಂದು ತುಂಡು ಬಟ್ಟೆ ಕಟ್ಟಿತ್ತು. ಮಾವ ಬಾಗಿಲಲ್ಲಿ ನಿಂತಿದ್ದರು. "ಗಾಳಿ" ಎಂದು ಹೇಳಿ ಒಳಗೆ ಹೋದರು.

ಮುಂದಿನ ದಿನಗಳನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊಟ್ಟೆ ಒಡೆದು ಹೊರಬಂದ ಹುಳುಗಳು ಹಕ್ಕಿಯ ಹಿಕ್ಕೆಯ ಹಾಗಿದ್ದವು. ಅತ್ತೆ ಮೊದಲು ಎಲೆ ಗಲೀಜಾಗಿದೆಯೆಂದು ಒರೆಸಲು ಹೋಗಿ, ಹಿಕ್ಕೆ ತಲೆಯೆತ್ತಿದ್ದನ್ನು ಕಂಡು ಹಿಂದಕ್ಕೆ ಬಿದ್ದಳು. ಬೆಳೆದಂತೆ ಹಸಿರಾದವು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಹೊರಬಂದು ಘಾಟು ಬಡಿಯುತ್ತಿತ್ತು. ಅದಕ್ಕೆ ಅತ್ತೆ ತನ್ನ ನಾದಿನಿಯ ಹೆಸರಿಟ್ಟಳು. ದಿನಾ ಬೆಳಿಗ್ಗೆ ಹಾಸಿನ ನೂಲಿಗೆ ಗಂಜಿ ಬಳಿಯುವ ಹೆಂಗಸರು ಕುಂಚ ಹಿಡಿದುಕೊಂಡೇ, "ಸೌಡಮ್ಮಕ್ಕಾ, ಪೂಚಿ ಎಲ್ಲಿಗ್ ಬಂತು?" ಎಂದು ಕೂಗುತ್ತಿದ್ದರು. ಬೀದಿ ಇಬ್ಭಾಗವಾಯಿತು. ಅತ್ತೆಯ ಕಡೆ ಹೆಚ್ಚು ಜನ. ನನ್ನ ಕಡೆ ಯಾರೂ ಬಾಯಿಬಿಟ್ಟು ಹೇಳಲಿಲ್ಲವಾದರೂ, ಮಾವ ಇದ್ದರೆಂದು ನನ್ನ ಊಹೆ.

ಹುಳುಗಳು ಕೋಶ ಕಟ್ಟುವ ದಿನ ಅತ್ತೆ ಊಟ ಮಾಡಲಿಲ್ಲ. ಹುಳು ಕಡ್ಡಿಗೆ ಬುಡವನ್ನು ಅಂಟಿಸಿ, ಬಾಯಿಂದ ನೂಲು ತೆಗೆದು, ಬೆನ್ನ ಸುತ್ತ ಒಂದೊಂದೇ ಎಳೆ ಹಾಯಿಸಿ, ಆ ಕುಣಿಕೆಗೆ ಒರಗಿ ನಿಶ್ಚಲವಾಯಿತು. ಅತ್ತೆ ಒಳಗೆ ಓಡಿ ಮಾವನನ್ನು ಮಗ್ಗದಿಂದ ಎಬ್ಬಿಸಿ ಕರೆತಂದಳು. "ನೋಡಿ, ನಿಮ್ ಕುಲದೋನೇ. ಸೊಂಟಕ್ಕೆ ನೂಲು ಕಟ್ಕಂಡು ಕುಂತವ್ನೆ, ಇನ್ನು ಮಾತಾಡಲ್ಲ" ಎಂದಳು. ಮಾವ ಬಹಳ ಹೊತ್ತು ನೋಡಿದರು.

ಮೊದಲ ಕೋಶ ಒಡೆದಾಗ ಬಂದದ್ದು ಬಿಳಿಪಟ್ಟೆಯವನು. ಎರಡನೆಯದೂ ಬಿಳಿಪಟ್ಟೆ. ಮೂರನೆಯದೂ. ಅತ್ತೆ ಬೀದಿಗೆ ಹೋಗಿ, ತಾಯಿಯ ಬಣ್ಣದ ಒಂದೂ ಇಲ್ಲವೆಂದು ಸಾರಿದಳು. ಹಾಗಾದರೆ ಕೆಂಪಂಚಿನವಳು ಇವರ ತಾಯಿಯೇ ಅಲ್ಲವೋ, ಯಾರೋ ನೆರೆಯವಳು ತೊಟ್ಟಿಲಲ್ಲಿ ಮಗು ಬದಲಾಯಿಸಿದಳೋ ಎಂದು ಅಲ್ಲಿ ಚರ್ಚೆಯಾಯಿತು. ಇವು ಗಂಡುಗಳು, ಗಂಡುಗಳೆಲ್ಲ ಬಿಳಿಪಟ್ಟೆಯವೇ, ಹೆಣ್ಣು ಬರಲಿ ಎಂದೆ. ಒಂದೇ ಕೋಶ ಉಳಿದಿತ್ತು. ಅದು ಗಂಡಾಗಿದ್ದರೆ ನನ್ನ ಹತ್ತಿರ ಹೇಳಲು ಬೇರೇನೂ ಇರಲಿಲ್ಲ.

ನಂಗವಳ್ಳಿಯವರು ಬರುವ ದಿನವೂ ಹತ್ತಿರವಾಯಿತು. ಕಾರ್ತಿಕದ ಕೊನೆಯ ವಾರ. ಮಾರ್ಗಳಿ, ಅಂದರೆ ಧನುರ್ಮಾಸ, ಹುಟ್ಟಿದರೆ ಹೆಣ್ಣು ನೋಡುವ ಮಾತಿಲ್ಲ, ಮುಂದಕ್ಕೆ ಹಾಕುವಂತಿಲ್ಲ. ಆ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗುವ ಮೊದಲು ಹಿತ್ತಲಿಗೆ ಹೋಗಿ ನೋಡಿದೆ. ಕೋಶ ಕಪ್ಪಾಗಿತ್ತು. ಒಳಗಿನ ರೆಕ್ಕೆಯ ಬಣ್ಣ ತೆಳುವಾದ ಗೋಡೆಯಲ್ಲಿ ಕಾಣತೊಡಗಿತ್ತು. ಇವತ್ತೇ ಎಂದು ಅತ್ತೆಗೆ ಹೇಳಿದೆ. ಅವಳು ಒಂದು ಕೈಯಲ್ಲಿ ನನ್ನ ಜಡೆ, ಇನ್ನೊಂದರಲ್ಲಿ ಮಲ್ಲಿಗೆ ಹಿಡಿದು, "ಅಯ್ಯೋ, ಇವತ್ತೇನಾ" ಎಂದಳು.

ಹುಡುಗನ ತಾಯಿ, ಸೋದರಮಾವ, ಹುಡುಗ, ಮೂವರು ಬಂದರು. ಅತ್ತೆಯ ನಡುಮನೆಯಲ್ಲಿ ಚಾಪೆ ಹಾಸಿತ್ತು. ಎಲೆಯಡಿಕೆ ಬದಲಾಯಿಸಲು ತಟ್ಟೆ ಸಿದ್ಧವಾಗಿತ್ತು. ಅದು ಕೈ ಬದಲಾದರೆ ಮಾತು ಮುಗಿದಂತೆ. ನಾನು ತಲೆ ತಗ್ಗಿಸಿ ಕೂತೆ. ನನ್ನನ್ನು ಹೊಗಳಬೇಕಾದ ಅತ್ತೆ ನಾಲ್ಕು ಮಾತಾಡಿ, ಐದನೆಯದನ್ನು ಅರ್ಧಕ್ಕೆ ಬಿಟ್ಟು ಹಿತ್ತಲಿಗೆ ಹೋಗುತ್ತಿದ್ದಳು. ಹಿಂದಿರುಗಿ ಬಂದು ಎಲ್ಲಿ ಬಿಟ್ಟಳೋ ಮರೆತು ಬೇರೆ ಕಡೆಯಿಂದ ಶುರು ಮಾಡುತ್ತಿದ್ದಳು. ಹುಡುಗಿ ಮಾತು ಕಡಿಮೆಯಂತೆ ಎಂದು ಹುಡುಗನ ತಾಯಿ ಮೆಚ್ಚಿಗೆಯಿಂದ ಕೇಳಿದರು. ಮಾತೇ ಇಲ್ಲ, ಎಲ್ಲಿ ಕೂರಿಸಿದರೆ ಅಲ್ಲಿ ಇರುತ್ತಾಳೆ ಎಂದು ಅತ್ತೆ ಹೇಳಿ ಮತ್ತೆ ಹೋದಳು.

ಅಪ್ಪ ಎಲೆಯಡಿಕೆಯ ತಟ್ಟೆಗೆ ಕೈ ಹಾಕಿದ್ದರು.

"ಅಮ್ಮಣಿ, ಬಾ! ಬತ್ತಾ ಐತೆ!"

ನಾನು ಎದ್ದೆ. ಎದ್ದದ್ದು ನನಗೆ ಗೊತ್ತಾದದ್ದು ಹಿತ್ತಲು ತಲುಪಿದ ಮೇಲೆ. ಕೋಶ ಸೀಳಿ, ಒದ್ದೆ ಮುದ್ದೆಯಾಗಿ, ಒಂದು ಕಾಲು ಕಡ್ಡಿಗೆ ಸಿಕ್ಕಿಸಿ, ಅದು ತನ್ನನ್ನು ಹೊರಗೆಳೆದುಕೊಳ್ಳುತ್ತಿತ್ತು. ರೆಕ್ಕೆ ಹಿಂಡಿಟ್ಟ ಬಟ್ಟೆಯ ಹಾಗೆ. ತಲೆ ಮೇಲಾಗಿ ಜೋತುಬಿದ್ದಿತು. ನಿಧಾನವಾಗಿ, ಕಣ್ಣಿಗೆ ಕಾಣುವಂತೆ, ಮುದುರು ಬಿಚ್ಚಿಕೊಂಡಿತು. ಮೊದಲು ಕಪ್ಪು. ಕಪ್ಪಿನ ಮೇಲೆ ಮಸುಕಾದ ಬಿಳಿ ಗೆರೆಗಳು. ನಂತರ ಹಿಂದಿನ ರೆಕ್ಕೆ ಇಳಿಯುತ್ತ ಇಳಿಯುತ್ತ, ಅದರ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ. ಅದರ ಪಕ್ಕ ಇನ್ನೊಂದು. ಸಾಲು ಪೂರ್ತಿಯಾಯಿತು. ಮೈ ಕಪ್ಪು.

ಅತ್ತೆ ನೆಲದ ಮೇಲೆ ಕೂತುಬಿಟ್ಟಳು. ಎರಡೂ ಕೈಯಲ್ಲಿ ತೊಡೆ ತಟ್ಟಿಕೊಳ್ಳುತ್ತ, "ಸೋತೆ ಕಣೆ, ಅಮ್ಮಣಿ, ನಾ ಸೋತೆ" ಎಂದು ನಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸೋತದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ನಾನು ಬೇರೆ ನೋಡಿಲ್ಲ.

ತಿರುಗಿ ನೋಡಿದರೆ ನಂಗವಳ್ಳಿಯ ಮೂವರೂ ಅಪ್ಪ ಅಮ್ಮನೂ ಬಾಗಿಲಲ್ಲಿ ನಿಂತಿದ್ದರು. ಇದೇನೆಂದು ಹುಡುಗ ಕೇಳಿದ. ನಾನು ಹೇಳತೊಡಗಿದೆ. ಕಹಿ ಬಳ್ಳಿ, ಕೆಂಪು ಮೈ, ಹಕ್ಕಿ, ಎರವಲು ಅಂಚು, ಒಂದೇ ತಾಯಿಯ ಬಿಳಿಪಟ್ಟೆಯ ಗಂಡುಗಳು, ಈ ಕೆಂಪಂಚಿನ ಹೆಣ್ಣು. ಸೆರಗು ಜಾರಿದ್ದು, ಮಲ್ಲಿಗೆ ಬಿದ್ದದ್ದು ತಿಳಿಯಲಿಲ್ಲ. ಇದೆಲ್ಲ ಯಾಕೆ ಮುಖ್ಯ ಎಂದು ಸೋದರಮಾವ ಕೇಳಿದ್ದಕ್ಕೆ, ಯಾಕೆ ಮುಖ್ಯ ಎಂದೂ ಹೇಳಿದೆ. ಅಷ್ಟು ಮಾತನ್ನು ನಾನು ಆ ಮನೆಯಲ್ಲಿ ಒಟ್ಟು ಸೇರಿಸಿಯೂ ಆಡಿರಲಿಲ್ಲ. ನಿಲ್ಲಿಸಿದಾಗ ಮಗ್ಗದ ಸದ್ದೂ ನಿಂತಿತ್ತು.

ಅತ್ತೆ ಚಿಟ್ಟೆಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು, ದೋಸೆ ಮಗುಚುವಾಗ ನೋಡುವಂತೆ, ತಲೆ ಒಂದು ಕಡೆಗೆ ವಾಲಿಸಿ.

ಆಮೇಲೆ ಎದ್ದು ಸೆರಗು ಸೊಂಟಕ್ಕೆ ಬಿಗಿದು ಹುಡುಗನ ತಾಯಿಯ ಮುಂದೆ ನಿಂತಳು.

"ಅಕ್ಕಾ, ಒಂದ್ ಮಾತು. ಸೀರೆ ಒಪ್ಪಿಸಿದ್ ಮ್ಯಾಲೆ ತಪ್ಪು ಕಂಡ್ರೆ ನೇಯ್ದೋರೇ ವಾಪಸ್ ತಗೋಬೇಕು. ಅದು ನಮ್ಮ ಬೀದಿ ಪದ್ಧತಿ, ನಿಮ್ಗೂ ಗೊತ್ತೈತೆ. ಈ ಎಣ್ಣಿನ ಮೇಗ್ಲದು ನೋಡಿ ನಿಮ್ಗೆ ಮಾತು ಕೊಟ್ಟೆ. ಒಳಗ್ಲದು ಈಗ ನೋಡ್ದೆ. ಇವ್ಳು ಕುಂದ್ರಿಸಿದ ಕಡೆ ಇರೋಳಲ್ಲ."

ಹುಡುಗನ ತಾಯಿ ಬಿಳುಚಿಕೊಂಡು, ಹೆಣ್ಣಿನಲ್ಲಿ ಏನಾದರೂ ಐಬಿದೆಯೆ ಎಂದು ಕೇಳಿದರು.

"ತಪ್ಪು ಎಣ್ಣಿಂದಲ್ಲ, ನಿಮ್ ಉಡುಗಂದೂ ಅಲ್ಲ. ಮಗುಚಿ ನೋಡ್ದೆ ಕೊಟ್ಟೆನಲ್ಲ, ನಂದು."

ಅಪ್ಪ ನಡುವೆ ಬಂದರು. ಮಾತು ಕೊಟ್ಟಿದ್ದೀಯಲ್ಲ ಅಕ್ಕ, ಊರವರು ಏನೆನ್ನುತ್ತಾರೆ ಎಂದರು. "ಕೊಟ್ಟೋಳು ನಾನು, ಈಸ್ಕಳೋಳೂ ನಾನೇ. ನೀನ್ ಮದ್ರಾಸ್ಗೆ ಕಾಗ್ದ ಬರಿ ಓಗ್ಲಾ" ಎಂದಳು ಅತ್ತೆ. ಮದರಾಸಿನ ವಿಷಯ ಗೋಡೆಯಾಚೆಗೂ ಕೇಳಿಸಿತ್ತೆಂದು ನನಗೆ ಆಗ ತಿಳಿಯಿತು.

ಬಂದವರು ನೀರು ಕೂಡ ಕುಡಿಯದೆ ಹೋದರು. ಹುಡುಗನ ತಾಯಿ ಬೀದಿಯಲ್ಲಿ ನಿಂತು ನಾಲ್ಕು ಮಾತಾಡಿದರು, ಬೀದಿ ಕೇಳಿತು. ಅತ್ತೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ನಂಗವಳ್ಳಿಯ ಕಡೆಯಿಂದ ಮತ್ತೆಂದೂ ಯಾರೂ ಅವಳನ್ನು ಸಂಬಂಧ ನೋಡಲು ಕರೆಯಲಿಲ್ಲ. ನಮ್ಮ ಬೀದಿಯವರೂ ಬಹಳ ಕಾಲ ಅವಳನ್ನು ಬಿಟ್ಟೇ ಮದುವೆ ನಡೆಸಿದರು. ಬೀದಿಯಲ್ಲಿ ಅವಳಿಗೆ ಪೂಚಿ ಸೌಡಮ್ಮನೆಂದು ಹೆಸರಾಯಿತು. ಅವಳು ಅದನ್ನು ತಾನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು. ಆದರೆ ಮದುವೆಯ ಓಲಗ ಬೀದಿಯಲ್ಲಿ ಹಾದುಹೋಗುವಾಗ ಒಳಗೆ ಏನೋ ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದಳೆಂದು ಅಮ್ಮ ನನಗೆ ಹೇಳಿದ್ದಾಳೆ.

ಆ ದಿನ ಅವರು ಹೋದಮೇಲೆ ನಾವು ಹಿತ್ತಲಿಗೆ ಹಿಂದಿರುಗಿದೆವು. ಚಿಟ್ಟೆಯ ರೆಕ್ಕೆ ಒಣಗಿತ್ತು. ಎರಡು ಸಲ ತೆರೆದು ಮುಚ್ಚಿ, ಮೂರನೆಯ ಸಲ ಬೇಲಿ ದಾಟಿ ಹೋಯಿತು.

ನಾನು ತರಬೇತಿ ಮುಗಿಸಿ ಧರ್ಮಪುರಿಯ ಹೆಣ್ಣುಮಕ್ಕಳ ಶಾಲೆಗೆ ಸೇರಿದೆ. ರಜೆಯಲ್ಲಿ ತೊಪ್ಪೂರು ಘಾಟಿ ಇಳಿದು ಬರುವ ಬಸ್ಸಿನಲ್ಲಿ ಸೇಲಂಗೆ ಬರುತ್ತಿದ್ದೆ. ಕನ್ನಡಕ, ಕಾಲಿಗೆ ಚಪ್ಪಲಿ, ಭುಜಕ್ಕೆ ಪಿನ್ನು ಹಾಕಿದ ಸೆರಗು. ಬೀದಿಯ ಹೆಂಗಸರು ಗಂಜಿಯ ಕುಂಚ ನಿಲ್ಲಿಸಿ, "ದೊರೆಸಾನಿ ಬಂದ್ಲು" ಎನ್ನುತ್ತಿದ್ದರು. "ಅಂಚು ಬೇರೇದು, ಒಡಲು ನಮ್ದೇ. ಮಗುಚಿ ನೋಡ್ರೆ" ಎಂದು ಅತ್ತೆ ಬಾಗಿಲಿಂದಲೇ ಕೂಗುವಳು.

ಕೊನೆಯ ಸಲ ನಾನು ಅವಳನ್ನು ಕಂಡದ್ದು ಒಂದು ಐಪ್ಪಸಿಯಲ್ಲಿ. ಅಷ್ಟರಲ್ಲಿ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೊಟ್ಟದ್ದನ್ನು ಈಗಲೂ ಮಗುಚುತ್ತಿದ್ದಳು, ಬೆರಳಿಂದ ನೋಡುತ್ತಿದ್ದಳು. ಹಿತ್ತಲ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದೆವು. ಕೇಪಳ ತುಂಬಿತ್ತು.

"ಬಂತಾ?"

ಬಂತು, ಇಡ್ಲಿ ಹೂವಿನ ಮೇಲಿದೆ ಎಂದೆ.

"ಅಂಚು ಕೆಂಪಾ?"

"ಕೆಂಪು."

"ಒಡಲು?"

ನಾನು ಬಾಗಿ ನೋಡಿದೆ. ಅವಳಿಗೆ ಯಾವ ಉತ್ತರ ಬೇಕೆಂದು ನನಗೆ ಗೊತ್ತಿತ್ತು. ಆದರೆ ಅತ್ತೆಗೆ ನೋಡಿದ್ದನ್ನು ಬಿಟ್ಟು ಬೇರೆ ಹೇಳುವುದು ಸಾಧ್ಯವಿರಲಿಲ್ಲ. "ಕೆಂಪು" ಎಂದೆ.

"ಪಕ್ಕದ್ ಮನೇದು" ಎಂದಳು. "ಬರ್ಲಿ. ಊವು ಎಲ್ಲಾರ್ಗೂ ಐತೆ." ಆಮೇಲೆ ಈಶ್ವರಿ ಬಳ್ಳಿ ಚೆನ್ನಾಗಿದೆಯೆ, ಯಾರೂ ಕಿತ್ತಿಲ್ಲವಲ್ಲ ಎಂದು ವಿಚಾರಿಸಿದಳು. ನಮ್ಮ ಕರಿ ಒಡಲಿನದಕ್ಕಾಗಿ ಬಸ್ಸಿನ ಹೊತ್ತಿನವರೆಗೂ ಕಾದೆವು. ಬರಲಿಲ್ಲ. ನಾನು ಎದ್ದು ಚೀಲ ತೆಗೆದುಕೊಂಡಾಗ ಅವಳು ನನ್ನ ಕೈ ಹಿಡಿದು, ಅಂಗೈಯನ್ನು ಮಗುಚಿ, ಬೆರಳಾಡಿಸಿ, ಬಿಟ್ಟಳು.

"ನಮ್ದು ಬಂದ್ರೆ ನಂಗ್ಯಾರ್ ಏಳ್ತಾರೆ ಅಮ್ಮಣಿ?"

ನಾನು ಚೀಲ ಹೆಗಲಿಗೆ ಹಾಕಿಕೊಂಡು ಮಾವನ ಮಗ್ಗದ ಪಕ್ಕದಿಂದ ಬೀದಿಗೆ ಇಳಿದೆ.

ಅತ್ತೆ ಪೊಂಗಲ್ ಕಳೆದ ಮೇಲೆ ತೀರಿಕೊಂಡಳು. ಶಾಲೆಯ ಪರೀಕ್ಷೆಯ ಸಮಯ, ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಕೊನೆಯ ತಿಂಗಳುಗಳಲ್ಲಿ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮಾವನ ಮಗ್ಗ ದಿನವೂ ಸ್ವಲ್ಪ ಕಾಲ ನಿಲ್ಲುತ್ತಿತ್ತು, ಯಾಕೋ ತಿಳಿಯದು ಎಂದು ಅಮ್ಮ ಹೇಳಿದಳು.

ಮುಂದಿನ ಐಪ್ಪಸಿಯಲ್ಲಿ ಹೋದಾಗ ಮಾವ ಮಗ್ಗದಲ್ಲಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು. ನಾನು ಹಿತ್ತಲಿಗೆ ಹೋಗಿ ನಿಂತೆ. ಕಲ್ಲು ಖಾಲಿಯಿತ್ತು, ಅದರ ಮೇಲೆ ಯಾರೂ ಬಟ್ಟೆಯನ್ನೂ ಇಟ್ಟಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬೇಲಿಯ ಮೇಲಿಂದ ಒಂದು ಬಂದು ಕೇಪಳದ ಮೇಲೆ ಕೂತಿತು, ರೆಕ್ಕೆ ನಡುಗಿಸುತ್ತ. ಕೆಂಪಂಚು. ನಾನು ಬಾಗುವಷ್ಟರಲ್ಲಿ ಒಳಗೆ ಲಾಳಿಯ ಸದ್ದು ನಿಂತಿತು. ಮಾವ ಕುಣಿಯಿಂದ ಎದ್ದು ಬಂದು ಹೊಸಿಲ ಮೇಲೆ ನಿಂತರು. ಹೂವಿನ ಮೇಲಿನದರ ಒಡಲನ್ನು ಬಾಗಿ ಚೆನ್ನಾಗಿ ನೋಡಿದರು. ನಂತರ ಕಲ್ಲಿನ ಕಡೆ ತಿರುಗಿ, ಅಲ್ಲಿ ಕಣ್ಣು ಕಾಣದೆ ಕೂತವರಿಗೆ ಕೇಳುವಷ್ಟು ಗಟ್ಟಿಯಾಗಿ, "ಕರಿ" ಎಂದರು.